ಬ್ಯಾಕಪ್ ಉಗ್ರಾಣಗಳ ನಿಲುಗಡೆ

ಕಂಪ್ಯೂಟರುಗಳಲ್ಲಿ ಶೇಖರವಾಗಿರುವ ಲೆಕ್ಕಪತ್ರ, ದಾಖಲೆ, ಸಂಶೋಧನ ಸಾಮಗ್ರಿ ಮೊದಲಾದುವು ಅಕಸ್ಮಾತ್ತಾಗಿ ನಷ್ಟವಾದಲ್ಲಿ ಪುನಃ ಪಡೆಯುವುದಕ್ಕಾಗಿ ಅವುಗಳ ಪ್ರತಿಯೊಂದನ್ನು ಬೇರೊಂದೆಡೆಯಲ್ಲಿ ತೆಗೆದಿರಿಸುವ ಪದ್ಧತಿಗೆ ಬ್ಯಾಕಪ್ ಎಂದು ಹೆಸರು. ಈ ಪ್ರತಿಗಳನ್ನು ಬರಮಾಡಿಕೊಂಡು, ಡಿಸ್ಕುಗಳಲ್ಲಾಗಲಿ ಟೇಪುಗಳಲ್ಲಾಗಲಿ ಇರಿಸಿ, ಕೇಳಿದಾಗ ಹಿಂದಿರುಗಿಸುವ ಯಂತ್ರವೇ ಬ್ಯಾಕಪ್ ಸರ್ವರು. ಕಾರ್ಯದಿಂದ ನೋಡಿದರೆ ಅದೊಂದು ಉಗ್ರಾಣ. ಉಗ್ರಾಣವೆಂದ ಮೇಲೆ ಅದಕ್ಕೂ ದುರಸ್ತಿಯುಂಟು. ಡಿಸ್ಕು ಕೆಡುತ್ತದೆ, ಸ್ಥಳ ಸಾಲದೆ ಬರುತ್ತದೆ, ಯಂತ್ರವನ್ನು ನಡೆಯಿಸುವ ತಂತ್ರಾಂಶದಲ್ಲಿ ಕಂಡುಬಂದ ದೋಷಗಳಿಗೆ ತಯಾರಕರು ಆಗಾಗ ತಿದ್ದುಪಡಿಗಳನ್ನು ಹೊರಡಿಸುತ್ತಾರೆ. ಇಂಥ ಕೆಲಸಗಳಲ್ಲಿ ಬಹುಪಾಲಿಗೆ ಯಂತ್ರವನ್ನು ಕೆಲಕಾಲ ನಿಲ್ಲಿಸದೆ ಗತ್ಯಂತರವಿಲ್ಲ. ನಿಲ್ಲಿಸುವುದೆಂದರೆ ಗುಂಡಿಯೊಂದನ್ನು ಒತ್ತುವುದಷ್ಟೇ ಎಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಅದೇ ಗಳಿಗೆಯಲ್ಲಿ ಹತ್ತಾರು ಯಂತ್ರಗಳಿಂದ ಪ್ರತಿಗಳು ಹರಿದುಬರುತ್ತಿರುವುದು ಸಾಮಾನ್ಯ. ಅವುಗಳ ಗತಿಯೇನೆಂಬುದೇ ಪ್ರಕೃತ ವಿಚಾರ.

ಇತರ ಸರ್ವರುಗಳ ನಿಲುಗಡೆಗೂ ಇದರ ನಿಲುಗಡೆಗೂ ಒಂದು ಭೇದವನ್ನು ಮೊದಲೇ ಗಮನಿಸತಕ್ಕದ್ದು. ರೈಲ್ವೆ ಟಿಕೆಟ್ಟು ಕೊಡುವ ಸರ್ವರು ನಿಂತುಹೋದರೆ ಕಿಟಕಿಯ ಮುಂದಿರುವ ಜನರು ಆ ಕ್ಷಣದಲ್ಲಿಯೇ ಗದ್ದಲವೆಬ್ಬಿಸುತ್ತಾರೆ. ದೋಷವು ಮುಚ್ಚಿಹೋಗುವ ಸಂಭವವಿಲ್ಲ. ಬ್ಯಾಕಪ್ ಸರ್ವರಾದರೋ ನಡುರಾತ್ರಿಯಲ್ಲಿ ದುಡಿಯತಕ್ಕದ್ದು. ಅದು ನಿಂತರೂ ಮರುದಿನ ಬೆಳಗ್ಗೆ ಕಚೇರಿಯ ಕೆಲಸಗಳೆಲ್ಲ ಎಂದಿನಂತೆಯೇ ಸಾಗುತ್ತವೆ. ಪ್ರತಿ ಅರೆಯಾಗಿ ಉಳಿದಿತ್ತೆಂಬ ಸಂಗತಿ ತಿಳಿಯುವುದು ಮೂಲಕ್ಕೆ ಕೇಡು ಬಂದ ದಿನ, ಅಂದರೆ ತಿಳಿದು ಪ್ರಯೋಜನವಿಲ್ಲದ ದಿನ.

ಬ್ಯಾಕಪ್ ವ್ಯವಸ್ಥೆಯೊಂದರಲ್ಲಿ ಸಾಧಾರಣವಾಗಿ ಮೂವರು ಪಾತ್ರಧಾರಿಗಳಿರುತ್ತಾರೆ. ೨೦೦೦ನೆಯ ಇಸವಿಯಲ್ಲಿ ಕರ್ನ್ ಸಿಬ್ಬಾಲ್ಡ್ ಎಂಬವರು ಪ್ರಾರಂಭಿಸಿದ ಬಾಕ್ಯುಲಾ ಎಂಬ ತಂತ್ರಾಂಶದಲ್ಲಿ ಈ ವಿಭಾಗವು ಬಹು ಸ್ಪಷ್ಟವಾಗಿದೆ. ಪ್ರತಿ ತೆಗೆಯಬೇಕಾದ ಮೂಲಯಂತ್ರದಲ್ಲಿ ಕುಳಿತು ಕಡತಗಳನ್ನು ಓದಿ ಕಳುಹಿಸುವವನೊಬ್ಬ. ಬಂದುದನ್ನು ಡಿಸ್ಕಿಗೋ ಟೇಪಿಗೋ ಬರೆಯುವ ಉಗ್ರಾಣದವನೊಬ್ಬ. ಯಾವ ಕೆಲಸ ಯಾವಾಗ ನಡೆಯಬೇಕು, ಯಾವ ಕಡತ ಎಲ್ಲಿ ಸೇರಿದೆ ಎಂಬ ವಹಿಯನ್ನಿಟ್ಟುಕೊಂಡು ಇಬ್ಬರಿಗೂ ಅಪ್ಪಣೆ ಕೊಡುವ ನಿಯಾಮಕನೊಬ್ಬ. ಮುಖ್ಯಾಂಶವೇನೆಂದರೆ, ಸರಕು ನಿಯಾಮಕನ ಕೈಯಿಂದ ಹಾಯ್ದು ಹೋಗುವುದಿಲ್ಲ; ಮೂಲಯಂತ್ರದಿಂದ ನೇರವಾಗಿ ಉಗ್ರಾಣಕ್ಕೆ ಸಾಗುತ್ತದೆ. ಆದಕಾರಣ ನಿಯಾಮಕನಿಗೆ ತಿಳಿಸದೆ ಉಗ್ರಾಣವನ್ನು ಮುಚ್ಚುವುದೂ ಸಾಧ್ಯ. ಉಗ್ರಾಣದಲ್ಲಿ ನಡೆಯುತ್ತಿರುವುದನ್ನು ವಿಚಾರಿಸದೆ ನಿಯಾಮಕನನ್ನು ಮಾತ್ರ ತಡೆಯುವುದೂ ಸಾಧ್ಯ. ಮುಂದೆ ಹೇಳುವ ತೊಡಕುಗಳಲ್ಲಿ ಅರ್ಧಕ್ಕೆ ಇದೇ ಮೂಲ.

ನಡೆಯುತ್ತಿರುವ ಕೆಲಸವನ್ನು ನಡುವೆಯೇ ಕಡಿದುಹಾಕಿದರೆ ಆಗುವ ಹಾನಿ ಉಗ್ರಾಣದೊಳಗೆ ಮಾತ್ರ ನಿಲ್ಲುವುದಿಲ್ಲ. ಆರು ಗಂಟೆಗಳ ಕೆಲಸವು ಐದನೆಯ ಗಂಟೆಯಲ್ಲಿ ಮುರಿದರೆ ಅದನ್ನು ಮೊದಲಿನಿಂದ ಹೂಡಬೇಕಾಗುವುದೂ, ರಾತ್ರಿಯ ಅವಧಿ ಮೀರಿ ಹಗಲಿನ ವ್ಯವಹಾರಕ್ಕೆ ಅಡ್ಡ ಬರುವುದೂ ಒಂದು. ಒಂದು ರಾತ್ರಿಯ ವೃದ್ಧಿಪ್ರತಿ, ಅಂದರೆ ಹಿಂದಿನ ಪ್ರತಿಯ ತರುವಾಯ ಬದಲಾದುದನ್ನು ಮಾತ್ರ ಹೊತ್ತಿರುವ ಪ್ರತಿ, ತಪ್ಪಿಹೋದರೆ ಮರುರಾತ್ರಿಯದು ಎರಡು ದಿನಗಳ ವ್ಯತ್ಯಾಸವನ್ನು ಹೊರಬೇಕಾಗುತ್ತದೆ. ನಡುವೆ ಮೂಲಕ್ಕೆ ಅಪಾಯವಾದರೆ ಎರಡು ದಿನಗಳ ದುಡಿಮೆ ಹೋದಂತೆಯೇ. ಇದಕ್ಕಿಂತಲೂ ಸೂಕ್ಷ್ಮವಾದುದು ಮೂಲಯಂತ್ರಗಳಿಗೇ ಆಗುವ ಕೇಡು. ಮೈಕ್ರೋಸಾಫ್ಟಿನ ಎಸ್.ಕ್ಯು.ಎಲ್. ಸರ್ವರು ಎಂಬ ಡೇಟಾಬೇಸಿನಲ್ಲಿ ಪೂರ್ಣ ಪುನಃಸ್ಥಾಪನೆಯ ಏರ್ಪಾಡನ್ನು ಇಟ್ಟುಕೊಂಡಿದ್ದರೆ, ಪ್ರತಿಯೊಂದು ವ್ಯವಹಾರವನ್ನೂ ದಾಖಲಿಸುವ ದಿನಚರಿಯ ಕಡತವು ಅದರ ಬ್ಯಾಕಪ್ ಆಗುವವರೆಗೂ ತೆರವಾಗುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಆರಕಲ್ ಡೇಟಾಬೇಸಿನಲ್ಲಿಯೂ ಅಂಥ ದಿನಚರಿಗಳನ್ನು ಸೇರಿಸಿಡುವ ಸ್ಥಳ ತುಂಬಿಹೋದರೆ ಹೊಸ ಬದಲಾವಣೆಗಳೆಲ್ಲ ಸ್ತಬ್ಧವಾಗುತ್ತವೆ. ಉಗ್ರಾಣದ ಬಾಗಿಲು ಮುಚ್ಚಿದ್ದರಿಂದ ಅಂಗಡಿಯ ವ್ಯಾಪಾರವೇ ನಿಂತಿತೆಂದರೆ ಕೇಳುವವರಿಗೆ ವಿಚಿತ್ರವೆನಿಸೀತು. ಆದರೆ ಸಂಗತಿ ಅಂಥದೇ. ವಿ.ಎಂ.ವೇರ್ ಮೊದಲಾದ ವ್ಯವಸ್ಥೆಗಳಲ್ಲಿರುವ ವರ್ಚುಯಲ್ ಯಂತ್ರಗಳ ವಿಷಯದಲ್ಲಿ ಇನ್ನೊಂದು ಬಗೆ. ಅಲ್ಲಿ ಪ್ರತಿ ತೆಗೆಯುವಷ್ಟು ಕಾಲ ಮೂಲ ಡಿಸ್ಕನ್ನು ಅಚಲವಾಗಿರಿಸಿ, ಹೊಸ ಬರವಣಿಗೆಯನ್ನು ಪಕ್ಕದ ಕಡತವೊಂದಕ್ಕೆ ತಿರುಗಿಸಿರುತ್ತಾರೆ; ಕೆಲಸ ಮುಗಿದೊಡನೆ ಎರಡನ್ನೂ ಬೆಸೆಯಬೇಕು. ಕೆಲಸ ಹಠಾತ್ತಾಗಿ ಸತ್ತರೆ ಬೆಸೆಯುವವರಿಲ್ಲದೆ ಆ ಪಕ್ಕದ ಕಡತವು ದಿನೇ ದಿನೇ ಉಬ್ಬುತ್ತ ಡಿಸ್ಕಿನ ಸ್ಥಳವನ್ನೆಲ್ಲ ನುಂಗುವುದುಂಟು.

ಆದುದರಿಂದ ನಿಲ್ಲಿಸುವಿಕೆಯಲ್ಲಿ ಎರಡು ಕ್ರಿಯೆಗಳನ್ನು ಬೇರ್ಪಡಿಸಿಕೊಳ್ಳಬೇಕು: ಹೊಸದು ಒಳಬರದಂತೆ ತಡೆಯುವುದು ಒಂದು, ಒಳಗಿರುವುದು ಮುಗಿಯುವವರೆಗೆ ಕಾಯುವುದು ಇನ್ನೊಂದು. ಆಲೆಮನೆಯನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಗಾಣಕ್ಕೆ ಕಬ್ಬು ಕೊಡುವುದನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸಬಹುದು. ಆದರೆ ಕೊಪ್ಪರಿಗೆಯಲ್ಲಿ ಕುದಿಯುತ್ತಿರುವ ಕಬ್ಬಿನ ಹಾಲನ್ನು ಪಾಕಕ್ಕೆ ಬರುವ ಮುನ್ನ ಇಳಿಸಿದರೆ ಅದು ಬೆಲ್ಲವೂ ಅಲ್ಲ, ಹಾಲೂ ಅಲ್ಲ. ಒಲೆಯ ದುರಸ್ತಿ ಮಾಡಬೇಕೆಂದಿರುವವನು ಗಾಣವನ್ನು ನಿಲ್ಲಿಸಿ, ಕೊಪ್ಪರಿಗೆ ಇಳಿಯುವವರೆಗೆ ಕಾದು, ಆಮೇಲೆ ಒಲೆಗೆ ಕೈಹಾಕುತ್ತಾನೆ.

ಈ ತತ್ತ್ವವನ್ನು ಬೇರೆ ಬೇರೆ ತಂತ್ರಾಂಶಗಳು ತಮ್ಮ ತಮ್ಮ ರೀತಿಯಲ್ಲಿ ಅಳವಡಿಸಿಕೊಂಡಿವೆ. ಐ.ಬಿ.ಎಂ. ಕಂಪನಿಯವರು ೧೯೯೩ರಲ್ಲಿ ಎ.ಡಿ.ಎಸ್.ಎಂ. ಎಂಬ ಹೆಸರಿನಿಂದ ಹೊರತಂದು, ತರುವಾಯ ಟಿವೋಲಿ ಸ್ಟೋರೇಜ್ ಮ್ಯಾನೇಜರ್ ಎಂದೂ ೨೦೧೫ರಲ್ಲಿ ಸ್ಪೆಕ್ಟ್ರಮ್ ಪ್ರೊಟೆಕ್ಟ್ ಎಂದೂ ಹೆಸರು ಬದಲಿಸಿದ ವ್ಯವಸ್ಥೆಯಲ್ಲಿ ‘ಡಿಸೇಬಲ್ ಸೆಷನ್ಸ್’ ಎಂಬ ಆಜ್ಞೆಯೊಂದಿದೆ. ಅದನ್ನು ಕೊಟ್ಟೊಡನೆ ಮೂಲಯಂತ್ರಗಳಿಂದ ಹೊಸ ಸಂಪರ್ಕಗಳು ಒಳಬರಲಾರವು. ಈಗಾಗಲೆ ಒಳಗಿರುವ ಸಂಪರ್ಕಗಳಿಗೆ ಮಾತ್ರ ಬಾಧಕವಿಲ್ಲ. ನೆಟ್‌ಬ್ಯಾಕಪ್ ಎಂಬುದರಲ್ಲಿ ಉಗ್ರಾಣದ ಸರ್ವರನ್ನು ನಿಷ್ಕ್ರಿಯಗೊಳಿಸಲು ಅಪ್ಪಣೆಯಿತ್ತರೆ ಅದು ಒಡನೆಯೇ ನಿಷ್ಕ್ರಿಯವಾಗುವುದಿಲ್ಲ. ನಡೆಯುತ್ತಿರುವ ಕೆಲಸಗಳು ಮುಗಿದ ಬಳಿಕವೇ ಆ ಸ್ಥಿತಿಗೆ ಬರುತ್ತದೆ; ಆ ಸರ್ವರು ಗುಂಪೊಂದಕ್ಕೆ ಸೇರಿದ್ದರೆ ಹೊಸ ಕೆಲಸಗಳು ಅದನ್ನು ದಾಟಿ ಮುಂದಿನ ಸರ್ವರಿಗೆ ಹೋಗುತ್ತವೆ. ವೀಮ್ ಎಂಬ ವ್ಯವಸ್ಥೆಯಲ್ಲಿ ಹಲವು ಉಗ್ರಾಣಗಳನ್ನು ಒಂದಾಗಿ ಕೂಡಿಸುವ ಏರ್ಪಾಡು ೨೦೧೬ರಲ್ಲಿ ಬಂದಿತು. ಅದರಲ್ಲಿ ಒಂದು ಭಾಗವನ್ನು ದುರಸ್ತಿಗೆಂದು ಬೇರ್ಪಡಿಸಹೊರಟಾಗ ಕೆಲಸಗಳು ನಡೆಯುತ್ತಿದ್ದರೆ ‘ದುರಸ್ತಿ ಬಾಕಿ’ ಎಂಬ ನಡುವಣ ಸ್ಥಿತಿಯೊಂದು ಕಾಣುತ್ತದೆ. ಈ ನಡುವಣ ಸ್ಥಿತಿಗೆ ಹೆಸರಿಟ್ಟುದೇ ಮೆಚ್ಚತಕ್ಕ ಸಂಗತಿ. ತೆರೆದಿದೆ, ಮುಚ್ಚಿದೆ ಎಂಬ ಎರಡೇ ಸ್ಥಿತಿಗಳಿರುವಲ್ಲಿ, ಮುಚ್ಚಲು ಹೇಳಿದ್ದೇನಲ್ಲ ಎಂದು ನಂಬಿ ಡಿಸ್ಕನ್ನು ಕೀಳುವವರು ಇಲ್ಲದಿಲ್ಲ.

ಕೆಲಸಗಳೆಲ್ಲ ಒಂದೇ ಜಾತಿಯವಲ್ಲವೆಂಬುದನ್ನೂ ಇಲ್ಲಿ ವಿಚಾರಿಸಬೇಕು. ಬ್ಯಾಕಪ್ ಎಂಬುದು ಉಗ್ರಾಣಕ್ಕೆ ಬರೆಯುವ ಕೆಲಸ. ಕಳೆದುಹೋದುದನ್ನು ಹಿಂದಕ್ಕೆ ಪಡೆಯುವುದು ಉಗ್ರಾಣದಿಂದ ಓದುವ ಕೆಲಸ. ಡಿಸ್ಕಿನ ಸ್ಥಳವನ್ನು ಪರಿಶೀಲಿಸುವಂಥ ದುರಸ್ತಿಗೆ ಬರವಣಿಗೆಯೊಂದು ನಿಂತರೆ ಸಾಕು. ಓದುವುದನ್ನೂ ತಡೆದರೆ ಆ ಹೊತ್ತಿನಲ್ಲಿ ಆಪತ್ತಿಗೆ ಸಿಕ್ಕಿದವನು ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಆಸ್ಟ್ರಿಯ ದೇಶದ ವಿಯೆನ್ನಾ ನಗರದ ಪ್ರಾಕ್ಸ್‌ಮಾಕ್ಸ್ ಸಂಸ್ಥೆಯವರು ೨೦೨೦ರಲ್ಲಿ ಮೊದಲ ಬಾರಿಗೆ ಹೊರತಂದ ಬ್ಯಾಕಪ್ ಸರ್ವರಿನಲ್ಲಿ ೨೦೨೨ರ ಮೇ ತಿಂಗಳಿನ ಆವೃತ್ತಿಯಿಂದ ಈ ಭೇದವನ್ನು ಸ್ಪಷ್ಟವಾಗಿ ಅಂಗೀಕರಿಸಿದ್ದಾರೆ. ಉಗ್ರಾಣವೊಂದನ್ನು ‘ಓದುವುದಕ್ಕೆ ಮಾತ್ರ’ ಎಂಬ ಸ್ಥಿತಿಯಲ್ಲಿಡಬಹುದು, ಇಲ್ಲವೆ ಪೂರ್ತಿಯಾಗಿ ಮುಚ್ಚಬಹುದು. ಇದಕ್ಕಾಗಿ ಆ ತಂತ್ರಾಂಶವು ಪ್ರತಿಯೊಂದು ಪ್ರವೇಶವೂ ಓದುವುದೋ ಬರೆಯುವುದೋ ಎಂದು ಗುರುತಿಸಿ ಎಣಿಕೆಯಿಟ್ಟುಕೊಳ್ಳುತ್ತದೆ. ಆಜ್ಞೆ ಬರುವುದಕ್ಕೆ ಮುಂಚೆ ಪ್ರಾರಂಭವಾದುವನ್ನು ಮುಗಿಯಗೊಡುತ್ತದೆ, ಆಮೇಲೆ ಬಂದವುಗಳಲ್ಲಿ ಆ ಸ್ಥಿತಿಗೆ ವಿರುದ್ಧವಾದುವನ್ನು ಮಾತ್ರ ತಿರಸ್ಕರಿಸುತ್ತದೆ. ಎಣಿಕೆಯು ನಂಬಿಕೆಗೆ ಯೋಗ್ಯವಾಗಿರುವುದು ಸುಲಭವಲ್ಲ. ಒಳಗೆ ಹೋದವನು ಹೊರಬರದೆ ಸತ್ತರೆ ಲೆಕ್ಕದಲ್ಲಿ ಅವನು ಎಂದೆಂದಿಗೂ ಒಳಗೇ ಇರುತ್ತಾನೆ. ಉಗ್ರಾಣವು ಇಲ್ಲದವನಿಗಾಗಿ ಕಾಯುತ್ತಲೇ ಇರುತ್ತದೆ. ಆದಕಾರಣ ಎಣಿಕೆಯನ್ನು ಬರಿಯ ಸಂಖ್ಯೆಯಾಗಿಡದೆ ಆಯಾ ಪ್ರಕ್ರಿಯೆಯ ಗುರುತಿನ ಸಂಖ್ಯೆಯೊಡನೆ ಇಟ್ಟು, ಆ ಪ್ರಕ್ರಿಯೆ ಜೀವಂತವಾಗಿದೆಯೇ ಎಂದು ನೋಡಿ ಲೆಕ್ಕ ಹಿಡಿಯುತ್ತಾರೆ.

ಬರೆಯುವವರಲ್ಲಿಯೂ ಹೊರಗಿನವರು, ಮನೆಯವರು ಎಂದು ಎರಡು ಪಂಗಡ. ಹಳೆಯ ಪ್ರತಿಗಳನ್ನು ಅಳಿಸುವುದು, ಡಿಸ್ಕಿನಿಂದ ಟೇಪಿಗೆ ಸಾಗಿಸುವುದು, ಇನ್ನೊಂದು ಊರಿನ ಉಗ್ರಾಣಕ್ಕೆ ನಕಲು ಕಳುಹಿಸುವುದು ಇವೆಲ್ಲ ಉಗ್ರಾಣವು ತನ್ನಷ್ಟಕ್ಕೆ ತಾನೇ ಮಾಡಿಕೊಳ್ಳುವ ಮನೆಗೆಲಸಗಳು. ಮೇಲೆ ಹೇಳಿದ ‘ಡಿಸೇಬಲ್ ಸೆಷನ್ಸ್’ ಆಜ್ಞೆಯು ಇವನ್ನು ಮುಟ್ಟುವುದಿಲ್ಲ. ಸಂಪರ್ಕಗಳ ಪಟ್ಟಿ ಬರಿದಾಯಿತೆಂದು ಯಂತ್ರವನ್ನು ಆರಿಸಿದರೆ ಒಳಗೆ ಸಾಗಣೆ ನಡೆಯುತ್ತಲೇ ಇದ್ದಿರಬಹುದು. ಸಂಪರ್ಕಗಳನ್ನು ಬೇರೆ, ಒಳಗಿನ ಪ್ರಕ್ರಿಯೆಗಳನ್ನು ಬೇರೆ, ಹೀಗೆ ಎರಡು ಸಲ ವಿಚಾರಿಸಬೇಕು.

ಮನೆಗೆಲಸಕ್ಕೂ ನಡೆಯುತ್ತಿರುವ ಬ್ಯಾಕಪ್ಪಿಗೂ ಇರುವ ಸಂಬಂಧವು ಪ್ರಾಕ್ಸ್‌ಮಾಕ್ಸಿನ ಕಸ ಗುಡಿಸುವ ಕ್ರಮದಲ್ಲಿ ಚೆನ್ನಾಗಿ ತೋರುತ್ತದೆ. ಅಲ್ಲಿ ಬಂದ ಸರಕನ್ನು ತುಂಡುಗಳಾಗಿ ಕತ್ತರಿಸಿ, ಒಂದೇ ತೆರನಾದ ತುಂಡು ಎಷ್ಟು ಪ್ರತಿಗಳಲ್ಲಿ ಬಂದರೂ ಒಂದೇ ಸಲ ಇಡುತ್ತಾರೆ. ಯಾವ ಪ್ರತಿಗೆ ಯಾವ ತುಂಡುಗಳು ಬೇಕೆಂಬುದನ್ನು ಒಂದು ಸೂಚಿಯಲ್ಲಿ ಬರೆಯುತ್ತಾರೆ. ಕಸ ಗುಡಿಸುವಾಗ ಮೊದಲು ಎಲ್ಲ ಸೂಚಿಗಳನ್ನೂ ಓದಿ, ಅವುಗಳಲ್ಲಿ ಹೆಸರಿಸಿದ ತುಂಡುಗಳಿಗೆಲ್ಲ ಹೊಸ ಕಾಲಮುದ್ರೆಯನ್ನು ಒತ್ತಿ, ಬಳಿಕ ಹಳೆಯ ಮುದ್ರೆಯುಳ್ಳವನ್ನು ಅಳಿಸುತ್ತಾರೆ. ಆದರೆ ನಡೆಯುತ್ತಿರುವ ಬ್ಯಾಕಪ್ಪಿನ ತುಂಡುಗಳು ಬಂದಿದ್ದರೂ ಅದರ ಸೂಚಿ ಇನ್ನೂ ಪೂರ್ತಿಯಾಗಿರುವುದಿಲ್ಲ. ಗುಡಿಸುವವನ ಕಣ್ಣಿಗೆ ಅವು ಅನಾಥವಾಗಿ ಕಾಣುತ್ತವೆ. ಆದುದರಿಂದ ಸಾಮಾನ್ಯವಾಗಿ ೨೪ ಗಂಟೆ ೫ ನಿಮಿಷಗಳಿಗಿಂತ ಹಳೆಯದಾದ ಮುದ್ರೆಯುಳ್ಳವನ್ನು ಮಾತ್ರ ಅಳಿಸುವುದೆಂದೂ, ಅದಕ್ಕಿಂತ ಮುಂಚೆ ಪ್ರಾರಂಭವಾದ ಬ್ಯಾಕಪ್ ಇನ್ನೂ ನಡೆಯುತ್ತಿದ್ದರೆ ಅದರ ಆರಂಭಕಾಲವನ್ನೇ ಗಡಿಯಾಗಿ ಹಿಡಿಯುವುದೆಂದೂ ನಿಯಮವಿದೆ. ಲಿನಕ್ಸಿನಲ್ಲಿ ವಾಡಿಕೆಯಾಗಿ ಓದಿದ ಕಾಲದ ಮುದ್ರೆಯನ್ನು ದಿನಕ್ಕೊಮ್ಮೆ ಮಾತ್ರ ಹೊಸದು ಮಾಡುವುದರಿಂದ ೨೪ ಗಂಟೆಗಳ ಲೆಕ್ಕ ಹುಟ್ಟಿತು.

ಇನ್ನು ಬಾಗಿಲನ್ನು ಎಲ್ಲಿ ಮುಚ್ಚಬೇಕೆಂಬ ಪ್ರಶ್ನೆ. ಉಗ್ರಾಣದಲ್ಲಿ ಮಾತ್ರ ಮುಚ್ಚಿದರೆ ನಿಯಾಮಕನು ಎಂದಿನಂತೆ ಕೆಲಸಗಳನ್ನು ಅಟ್ಟುತ್ತಾನೆ. ಅವು ಬಾಗಿಲಿಗೆ ಹಾಯ್ದು ಒಂದೊಂದಾಗಿ ವಿಫಲವಾಗುತ್ತವೆ. ನಿಯಾಮಕನಲ್ಲಿಯೇ ತಡೆದರೆ ಅವು ಸರದಿಯಲ್ಲಿ ನಿಲ್ಲುತ್ತವೆ, ಇಲ್ಲವೆ ಬೇರೆ ಉಗ್ರಾಣಕ್ಕೆ ತಿರುಗುತ್ತವೆ. ಎರಡನೆಯದೇ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೂ ಮಿತಿಗಳುಂಟು. ಬಾಕ್ಯುಲಾದಲ್ಲಿ ಕೆಲಸವೊಂದು ಗೊತ್ತಾದ ಹೊತ್ತಿಗಿಂತ ಇಂತಿಷ್ಟೇ ತಡವಾಗಿ ಪ್ರಾರಂಭವಾಗಬಹುದೆಂದು ಗಡುವನ್ನು ಕಟ್ಟಬಹುದು. ಹಾಗೆ ಕಟ್ಟಿದ್ದಲ್ಲಿ ಸರದಿಯಲ್ಲಿ ನಿಂತ ಕೆಲಸವು ಗಡುವು ಮೀರಿದೊಡನೆ ರದ್ದಾಗುತ್ತದೆ. ಬೇರೆ ಉಗ್ರಾಣಕ್ಕೆ ತಿರುಗಿಸುವುದಾದರೆ, ಅಲ್ಲಿ ಹಿಂದಿನ ಪೂರ್ಣಪ್ರತಿ ಇಲ್ಲದಿರುವುದರಿಂದ ವೃದ್ಧಿಪ್ರತಿಗೆ ಆಧಾರವಿರುವುದಿಲ್ಲ. ವೀಮ್ ವ್ಯವಸ್ಥೆಯಲ್ಲಿ ಇಂಥ ಪ್ರಸಂಗಕ್ಕಾಗಿಯೇ, ಬೇಕಾದ ಭಾಗವು ದೊರೆಯದಿದ್ದರೆ ಹೊಸದಾಗಿ ಪೂರ್ಣಪ್ರತಿಯನ್ನೇ ತೆಗೆಯುವಂತೆ ಆಯ್ಕೆಯೊಂದಿದೆ. ಅದರಿಂದ ರಕ್ಷಣೆಯೇನೋ ದೊರೆಯಿತು; ಆದರೆ ಅರ್ಧ ಗಂಟೆಯ ಕೆಲಸ ಹತ್ತು ಗಂಟೆಗಳದಾಗಿ, ಆಸರೆ ಕೊಟ್ಟ ಉಗ್ರಾಣದ ಸ್ಥಳವೂ ತುಂಬಿಹೋಗುವ ಭಯವುಂಟು. ಒಂದೆರಡು ಗಂಟೆಗಳ ದುರಸ್ತಿಗೆ ತಿರುಗಿಸುವುದಕ್ಕಿಂತ ಕಾಯಿಸುವುದೇ ಲೇಸು.

ಕಾಯುವುದಕ್ಕೂ ಕೊನೆಯಿರಬೇಕಷ್ಟೆ. ನೆಟ್‌ಬ್ಯಾಕಪ್ಪಿನಲ್ಲಿ ಕೆಲಸದ ನಡುನಡುವೆ ಗೊತ್ತಾದ ನಿಮಿಷಗಳಿಗೊಮ್ಮೆ ಗುರುತುಗಳನ್ನು ನೆಡುವ ಏರ್ಪಾಡಿದೆ. ಅದನ್ನು ಮೊದಲೇ ಮಾಡಿಕೊಂಡಿದ್ದರೆ ಕೆಲಸವನ್ನು ತಡೆಹಿಡಿದು, ದುರಸ್ತಿಯ ಬಳಿಕ ಕೊನೆಯ ಗುರುತಿನಿಂದ ಮುಂದುವರಿಸಬಹುದು. ಬಾಕ್ಯುಲಾದಲ್ಲಿಯೂ ರದ್ದುಮಾಡುವುದಕ್ಕೆ ಒಂದು ಆಜ್ಞೆ, ಮುಂದೆ ಮುಂದುವರಿಸುವ ಉದ್ದೇಶದಿಂದ ನಿಲ್ಲಿಸುವುದಕ್ಕೆ ಬೇರೊಂದು ಆಜ್ಞೆ ಇವೆ. ಗುರುತುಗಳಿಲ್ಲದ ದೀರ್ಘ ಕೆಲಸವೊಂದು ಬಾಕಿಯಿದ್ದರೆ ದುರಸ್ತಿಯನ್ನೇ ಮುಂದಕ್ಕೆ ಹಾಕುವುದು ಉಚಿತ. ಹೊತ್ತಿ ಉರಿಯುತ್ತಿರುವ ಯಂತ್ರವಲ್ಲದಿದ್ದರೆ ದುರಸ್ತಿಗೆ ನಾಳೆಯೆಂಬುದು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಯಂತ್ರವನ್ನು ಆರಿಸದೆ ತಂತ್ರಾಂಶವನ್ನು ಮಾತ್ರ ಬದಲಾಯಿಸುವಾಗ ನಡೆಯುತ್ತಿರುವ ಕೆಲಸವನ್ನು ಮರೆತರೆ ಏನಾಗುವುದೆಂಬುದಕ್ಕೆ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ೨೦೨೧ರ ಡಿಸೆಂಬರ್ ೧೪ರಿಂದ ೧೬ರವರೆಗೆ ನಡೆದ ಅನಾಹುತವು ನಿದರ್ಶನವಾಗಿದೆ. ಅಲ್ಲಿಯ ಮಹಾಗಣಕದ ಶೇಖರವ್ಯವಸ್ಥೆಯಲ್ಲಿ ಬ್ಯಾಕಪ್ ನಡೆಯಿಸುವ ಆಜ್ಞಾಪಟ್ಟಿಯೊಂದು ಕೆಲಸದಲ್ಲಿತ್ತು. ಹಳೆಯದಾದ ದಿನಚರಿ ಕಡತಗಳನ್ನು ಅಳಿಸುವುದೂ ಅದರ ಒಂದು ಭಾಗ. ಆ ಪಟ್ಟಿಯು ಓಡುತ್ತಿರುವಾಗಲೇ, ವ್ಯವಸ್ಥೆಯನ್ನು ಒದಗಿಸಿದ ಕಂಪನಿಯವರು ಅದೇ ಕಡತದ ಮೇಲೆ ತಿದ್ದಿದ ಹೊಸ ಪಟ್ಟಿಯನ್ನು ಬರೆದರು. ಬ್ಯಾಷ್ ಎಂಬ ವ್ಯಾಖ್ಯಾತೃವು ಆಜ್ಞಾಪಟ್ಟಿಯನ್ನು ಮೊದಲೇ ಇಡಿಯಾಗಿ ಓದಿಕೊಳ್ಳುವುದಿಲ್ಲ. ನಡೆಯಿಸುತ್ತ ನಡೆಯಿಸುತ್ತ ಮುಂದಕ್ಕೆ ಓದುತ್ತದೆ. ಹೀಗಾಗಿ ಮೊದಲರ್ಧ ಹಳೆಯದರಿಂದಲೂ ಉಳಿದರ್ಧ ಹೊಸದರಿಂದಲೂ ನಡೆಯಿತು. ಹೊಸದರಲ್ಲಿ ಚಲಪದವೊಂದರ ಹೆಸರು ಬದಲಾಗಿದ್ದುದರಿಂದ ಅದಕ್ಕೆ ಬೆಲೆಯೇ ಇಲ್ಲದೆ, ದಿನಚರಿಗಳಿರುವ ಸ್ಥಾನಕ್ಕೆ ಬದಲಾಗಿ ಸಂಶೋಧಕರ ಕಡತಗಳಿರುವ ಸ್ಥಾನದಲ್ಲಿ ಅಳಿಸುವ ಆಜ್ಞೆ ಪ್ರವರ್ತಿಸಿತು. ಸುಮಾರು ೭೭ ಟೆರಾಬೈಟುಗಳಷ್ಟು, ಎಣಿಕೆಯಲ್ಲಿ ೩ ಕೋಟಿ ೪೦ ಲಕ್ಷದಷ್ಟು ಕಡತಗಳು ಮಾಯವಾದುವು. ೧೪ ಸಂಶೋಧನ ತಂಡಗಳು ಬಾಧೆಗೊಳಗಾದುವು. ಅವುಗಳಲ್ಲಿ ೪ ತಂಡಗಳ ಸಾಮಗ್ರಿ ಬ್ಯಾಕಪ್ಪಿನಿಂದಲೂ ಮರಳಿ ಬರುವಂತಿರಲಿಲ್ಲ. ಹೊಣೆ ತನ್ನದೆಂದು ಕಂಪನಿಯು ಬಹಿರಂಗವಾಗಿ ಒಪ್ಪಿಕೊಂಡಿತು. ರಕ್ಷಿಸುವುದಕ್ಕೆಂದೇ ಇಟ್ಟ ಆಜ್ಞಾಪಟ್ಟಿಯೇ ರಕ್ಷ್ಯವಸ್ತುವನ್ನು ನುಂಗಿತೆಂಬುದು ಈ ಪ್ರಸಂಗದ ದಾರುಣವಾದ ಅಂಶ.

ಇದನ್ನು ತಪ್ಪಿಸುವ ಉಪಾಯವು ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಹಳೆಯ ಕಾಲದಿಂದಲೂ ಇದೆ. ಅಲ್ಲಿ ಕಡತದ ಹೆಸರು ಬೇರೆ, ಕಡತ ಬೇರೆ. ಹೊಸ ಪಟ್ಟಿಯನ್ನು ಪಕ್ಕದಲ್ಲಿ ಬೇರೊಂದು ಹೆಸರಿನಿಂದ ಪೂರ್ತಿಯಾಗಿ ಬರೆದಿಟ್ಟು, ಕಡೆಯಲ್ಲಿ ಹಳೆಯ ಹೆಸರನ್ನು ಅದಕ್ಕೆ ಕೊಟ್ಟರೆ, ಹಳೆಯದನ್ನು ತೆರೆದುಕೊಂಡು ಓಡುತ್ತಿರುವ ಪ್ರಕ್ರಿಯೆಯು ಹೆಸರಿಲ್ಲದ ಆ ಹಳೆಯ ಕಡತವನ್ನೇ ಕೊನೆಯವರೆಗೂ ಓದುತ್ತದೆ. ತರುವಾಯ ಪ್ರಾರಂಭವಾಗುವುವು ಹೊಸದನ್ನು ಓದುತ್ತವೆ. ಪ್ರಾಕ್ಸ್‌ಮಾಕ್ಸಿನ ಸರ್ವರು ತನ್ನನ್ನು ತಾನು ನವೀಕರಿಸಿಕೊಳ್ಳುವ ರೀತಿಯೂ ಈ ತತ್ತ್ವಕ್ಕೆ ಸಮೀಪವಾದುದೇ. ಹೊಸ ಪ್ರಕ್ರಿಯೆಯು ಹುಟ್ಟಿ ಹಳೆಯದರ ಕೈಯಿಂದ ಬಾಗಿಲ ಕಾವಲನ್ನು ವಹಿಸಿಕೊಳ್ಳುತ್ತದೆ. ಹಳೆಯದು ತಾನು ಒಪ್ಪಿಕೊಂಡ ಕೆಲಸಗಳನ್ನು ಮುಗಿಸಿ ಅಳಿಯುತ್ತದೆ.

ದುರಸ್ತಿ ಮುಗಿದ ಮೇಲೆ ತೆರೆಯುವುದರಲ್ಲಿಯೂ ಒಂದು ಕ್ರಮವಿದೆ. ಸರದಿಯಲ್ಲಿ ನಿಂತ ಕೆಲಸಗಳೆಲ್ಲ ಒಮ್ಮೆಗೇ ನುಗ್ಗಿದರೆ ಈಗತಾನೆ ಎದ್ದ ಯಂತ್ರವು ಬಳಲುತ್ತದೆ. ಏಕಕಾಲದಲ್ಲಿ ಎಷ್ಟು ನಡೆಯಬಹುದೆಂಬ ಮಿತಿಯನ್ನು ಮೊದಲು ತಗ್ಗಿಸಿಟ್ಟು ಕ್ರಮೇಣ ಏರಿಸಬೇಕು. ಅದಕ್ಕೂ ಮುಂಚೆ ಸಣ್ಣದೊಂದು ಪ್ರತಿಯನ್ನು ತೆಗೆದು, ಹಿಂದಕ್ಕೆ ಪಡೆದು, ಮೂಲದೊಡನೆ ಹೋಲಿಸಿ ನೋಡುವುದು ವಿಹಿತ. ಎಲ್ಲಕ್ಕಿಂತ ಹೆಚ್ಚಾಗಿ ಮರೆವಿಗೆ ಗುರಿಯಾಗುವುದು ತಡೆಯನ್ನು ತೆಗೆಯುವ ಕೆಲಸವೇ. ವಿಫಲವಾದ ಕೆಲಸವು ದೂರು ಕೊಡುತ್ತದೆ. ಪ್ರಾರಂಭವೇ ಆಗದ ಕೆಲಸಕ್ಕೆ ಬಾಯಿಯಿಲ್ಲ. ದೂರು ಕೊಟ್ಟರೂ ಅದು ತಲಪಬೇಕಷ್ಟೆ. ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಮುಖ್ಯ ಡೇಟಾಬೇಸು ೨೦೧೭ರ ಜನವರಿ ೩೧ರಂದು ಕೈತಪ್ಪಿನಿಂದ ಅಳಿದಾಗ, ಅದರ ನಿತ್ಯದ ಬ್ಯಾಕಪ್ ತಂತ್ರಾಂಶದ ಆವೃತ್ತಿಗಳು ಹೊಂದದೆ ವಿಫಲವಾಗುತ್ತಿತ್ತೆಂಬುದೂ, ಅದನ್ನು ತಿಳಿಸುವ ಮಿಂಚಂಚೆಗಳನ್ನು ಅಂಚೆಯ ಸರ್ವರು ತಿರಸ್ಕರಿಸುತ್ತಿತ್ತೆಂಬುದೂ ಬೆಳಕಿಗೆ ಬಂದುವು. ಬೇರೊಂದು ಉದ್ದೇಶಕ್ಕಾಗಿ ಸುಮಾರು ೬ ಗಂಟೆಗಳ ಹಿಂದೆ ತೆಗೆದಿದ್ದ ಪ್ರತಿಯೊಂದು ದೊರೆತುದರಿಂದ ಉಳಿದುದು ಉಳಿಯಿತು. ಆದಕಾರಣ ವಿಫಲವಾದುದನ್ನು ಹುಡುಕುವುದಕ್ಕೆ ಬದಲಾಗಿ, ಪ್ರತಿಯೊಂದು ಮೂಲಯಂತ್ರಕ್ಕೂ ಕೊನೆಯ ಸಫಲ ಪ್ರತಿ ಎಷ್ಟು ಹೊತ್ತಿನ ಹಿಂದಿನದೆಂಬ ಪಟ್ಟಿಯನ್ನು ತೆರೆದ ಮರುದಿನವೂ ಅದರ ಮರುದಿನವೂ ನೋಡತಕ್ಕದ್ದು. ತಡೆಯನ್ನು ಹಾಕುವಾಗಲೇ ಅದಕ್ಕೆ ಹಾಕಿದವನ ಹೆಸರು, ಕಾರಣ, ತೆಗೆಯಬೇಕಾದ ಹೊತ್ತು ಇವನ್ನು ಬರೆದಿಡುವ ವಾಡಿಕೆ ಕೆಲವು ಕಡೆಗಳಲ್ಲಿದೆ. ಪ್ರಾಕ್ಸ್‌ಮಾಕ್ಸಿನಲ್ಲಿ ಇದಕ್ಕಾಗಿ ತಡೆಯ ಜೊತೆಗೇ ಒಂದು ಸಂದೇಶವನ್ನು ಲಗತ್ತಿಸಲು ಎಡೆಯಿದೆ.